ಆಯುಧಪೂಜೆಗೆ ಉಜ್ಜಿದ ನಂಬರ್ ಪ್ಲೇಟು

ನನ್ನ ಚೊಚ್ಚಲ ಹೆರಿಗೆಗೆ ಬರಬೇಕಾಗಿದ್ದವರು ಅಮ್ಮ, ಬಂದವರು ಅತ್ತೆ. ಅಪ್ಪನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರಿಂದ ಅಮ್ಮ ಬೆಂಗಳೂರು ಬಿಟ್ಟು ಕದಲುವ ಹಾಗಿರಲಿಲ್ಲ. ಮೊದಲ ಬಾಣಂತನ ತವರಿನವರ ಪಾಲಿನದು. ಅದನ್ನು ಅತ್ತೆಯ ಕೈಯಲ್ಲಿ ಮಾಡಿಸಿಕೊಳ್ಳುವುದೆಂದರೆ ನಮ್ಮ ಕಡೆ ಸ್ವಲ್ಪ ನಾಚಿಕೆಯ ಮಾತೇ. ಅತ್ತೆಗೂ ಇರಿಸುಮುರಿಸು. ವಿಮಾನ ಇಳಿದು ಮನೆಗೆ ಬಂದ ದಿನವೇ ನನ್ನ ಕೈ ಹಿಡಿದುಕೊಂಡು, "ನಿಮ್ಮವ್ವ ಮಾಡೋ ಕೆಲ್ಸಾನ ನಾ ಮಾಡಾಕೆ ಬಂದಿವ್ನಿ ಕಣವ್ವ. ಹೆಚ್ಚು ಕಮ್ಮಿ ಆದ್ರೆ ಹೊಟ್ಟೆಗಾಕ್ಕೊ" ಅಂದಿದ್ದರು.

ಎರಡು ಸಾವಿರದ ದಶಕದ ನಡುವಿನ ವರ್ಷಗಳು ಅವು. ನಾವು ಸಮುದ್ರದಾಚೆಯ ರೆಂಟನ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡನೆಯ ಮಹಡಿಯಲ್ಲಿದ್ದೆವು. ನನ್ನ ಗಂಡನಿಗೆ ರೆಡ್ಮಂಡ್‌ನಲ್ಲಿ ಕೆಲಸ. ಬೆಳಿಗ್ಗೆ ಸಹೋದ್ಯೋಗಿಯೊಬ್ಬರ ಗಾಡಿಯಲ್ಲಿ ಹೋದರೆ ಸಂಜೆ ಅದೇ ಗಾಡಿಯಲ್ಲಿ ವಾಪಸ್ಸು. ನನ್ನದು ಗಂಡನ ಬೆನ್ನಿಗೆ ಅಂಟಿಕೊಂಡು ಬಂದ ವೀಸಾ, ಕೆಲಸ ಮಾಡುವಂತಿಲ್ಲ. ಬೆಂಗಳೂರಿನಲ್ಲಿ ನಾಲ್ಕು ಜನರನ್ನು ಕೂರಿಸಿ ಕೆಲಸ ತೆಗೆಸುತ್ತಿದ್ದವಳು ಇಲ್ಲಿ ಬಟ್ಟೆ ಮಡಿಸುತ್ತ ಕೂತಿದ್ದೆ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಆಗಂತೂ ಅದು ಮೂಗಿನಿಂದ ಕೆಳಗಿಳಿಯುತ್ತಲೇ ಇರಲಿಲ್ಲ. ಹಗಲು ಹೊತ್ತು ನನಗೆಂದು ಇದ್ದದ್ದು ಒಂದು ಹಳೆಯ ಕಾರು. ಭಾರತಕ್ಕೆ ಹೊರಟುಹೋದ ತೆಲುಗಿನವರೊಬ್ಬರಿಂದ ಕೊಂಡದ್ದು. ಆ ಕಾರಿನಲ್ಲೇ ನಾನು ಡಾಕ್ಟರ ಹತ್ತಿರ ಹೋಗುತ್ತಿದ್ದೆ, ತರಕಾರಿ ತರುತ್ತಿದ್ದೆ, ಬೇಜಾರಾದರೆ ಸರೋವರದ ದಡದಲ್ಲಿ ನಿಲ್ಲಿಸಿಕೊಂಡು ಒಬ್ಬಳೇ ಅಳುತ್ತಿದ್ದೆ.

ಅತ್ತೆ ಬಂದ ಮೇಲೆ ಅಳು ಕಡಿಮೆಯಾಯಿತು. ಅವರದು ನಂಜನಗೂಡಿನ ಕಡೆ. ಮಾವ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು, ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಅತ್ತೆಗೆ ಸುಮ್ಮನೆ ಕೂತು ಗೊತ್ತಿಲ್ಲ. ಬಂದ ವಾರದಲ್ಲೇ ಕರೆಂಟಿನ ಒಲೆ ಕಲಿತರು, ಬಟ್ಟೆ ಒಗೆಯುವ ಮೆಷಿನ್ನಿನ ಜೊತೆ ಜಗಳ ಆಡಿ ರಾಜಿಯಾದರು, ನನ್ನ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ಒರೆಸಿ ತಮಗೆ ಬೇಕಾದ ಹಾಗೆ ಜೋಡಿಸಿಕೊಂಡರು. ನನಗೆ ಜೀರಿಗೆ ಸಿಗದೆ ಎರಡು ದಿನ ಗೊಣಗಿದೆ. ಆದರೂ ಎದ್ದ ಕೂಡಲೇ ಒಗ್ಗರಣೆ ವಾಸನೆ ಬರುವ ಮನೆ ಯಾರಿಗೆ ಬೇಡ.

ಆಯುಧಪೂಜೆ ಬಂತು. ನನಗೆ ಅದು ರಜೆ ಸಿಗದ ಊರಿನಲ್ಲಿ ಬಂದ ಇನ್ನೊಂದು ಹಬ್ಬ ಅಷ್ಟೇ. ಅತ್ತೆಗೆ ಹಾಗಲ್ಲ. ಡ್ರೈವರ್ ಮನೆಯಲ್ಲಿ ಯುಗಾದಿ, ದೀಪಾವಳಿ ಎಲ್ಲ ಇದರ ನಂತರ. ಮಾವ ಇದ್ದಾಗ ಬಸ್ಸನ್ನು ಮದುಮಗನ ಹಾಗೆ ಸಿಂಗರಿಸುತ್ತಿದ್ದರಂತೆ: ಮುಂದೆ ಬಾಳೆಕಂದು, ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಮಾವ ಹೋದ ಮೇಲೆ ಅತ್ತೆ ಕುಂಕುಮದ ಬಟ್ಟಲು ಮುಟ್ಟುತ್ತಿರಲಿಲ್ಲ. ಎಷ್ಟು ಹೇಳಿದರೂ ಕೇಳಲಿಲ್ಲ. "ಅರಿಸಿನ ಕುಂಕುಮ ಮುತ್ತೈದೆ ನೀನಿಡು. ಉಜ್ಜಿ ತೊಳೆಯೋದು ನನ್ಗೆ ಬುಡು" ಅಂದರು. ಹಬ್ಬದಲ್ಲಿ ಅವರ ಪಾಲಿಗೆ ಉಳಿದದ್ದು ಅದೊಂದೇ ಕೆಲಸ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಾರ್ಕಿಂಗ್ ಜಾಗದಲ್ಲಿ ಕಾರು ತೊಳೆಯುವಂತಿಲ್ಲ ಎಂದು ಬೋರ್ಡೇ ಇತ್ತು. ಅತ್ತೆ ಅದನ್ನು ಓದುವ ಗೋಜಿಗೆ ಹೋಗಲಿಲ್ಲ, ನಾನೂ ಓದಿ ಹೇಳಲಿಲ್ಲ. ಬಕೆಟ್ಟಿನಲ್ಲಿ ಬಿಸಿನೀರು ತುಂಬಿಕೊಂಡು ಎರಡು ಮಹಡಿ ಇಳಿದರು. ಜೊತೆಗೆ ಒಂದು ಬಟ್ಟಲಲ್ಲಿ ನೆನೆಸಿದ ಹುಣಸೆಹಣ್ಣು, ಒಂದು ಹಿಡಿ ಉಪ್ಪು, ಸ್ವಲ್ಪ ಎಣ್ಣೆ, ಒಂದು ಹಳೇ ಚಮಚ. ನಾನು ಮೇಲೆ ಬೂದುಗುಂಬಳದ ಯೋಚನೆಯಲ್ಲಿದ್ದೆ. ಬೂದುಗುಂಬಳ ಸಿಕ್ಕಿರಲಿಲ್ಲ, ಅಕ್ಟೋಬರ್ ತಿಂಗಳಾದ್ದರಿಂದ ಅಂಗಡಿಯ ಬಾಗಿಲಲ್ಲೇ ಕಿತ್ತಳೆ ಬಣ್ಣದ ಕುಂಬಳಕಾಯಿಗಳು ರಾಶಿ ಬಿದ್ದಿದ್ದವು, ಅದರಲ್ಲೇ ಒಂದನ್ನು ತಂದಿದ್ದೆ. ಮೇಲ್ಭಾಗ ಕತ್ತರಿಸಿ ಕುಂಕುಮ ತುಂಬಿಸಿಕೊಂಡು ಕೆಳಗೆ ಹೋದೆ. ನೆರೆಯ ಹೆಂಗಸೊಬ್ಬಳು ಅದನ್ನು ನೋಡಿ, ಕುಂಬಳಕಾಯಿ ಕೊರೆದು ಮಕ್ಕಳು ದೆವ್ವದ ವೇಷ ಹಾಕುವ ಇಲ್ಲಿನ ಹಬ್ಬಕ್ಕೆ ನಾವೂ ತಯಾರಿ ನಡೆಸಿದ್ದೇವೆ ಅಂದುಕೊಂಡು ಬಹಳ ಚೆನ್ನಾಗಿದೆ ಎಂದು ಹೇಳಿ ಹೋದಳು.

ಅಷ್ಟರಲ್ಲಿ ಅತ್ತೆಯ ಕೆಲಸ ಮುಗಿದಿತ್ತು. ಕಾರು ಹೊಳೆಯುತ್ತಿತ್ತು. ಹಿಂದಿನ ನಂಬರ್ ಪ್ಲೇಟಂತೂ ಹೊಸದಾಗಿ ಅಚ್ಚು ಹಾಕಿಸಿ ತಂದಂತಿತ್ತು. ಈ ರಾಜ್ಯದ ಪ್ಲೇಟಿನಲ್ಲಿ ಅಂಕಿಗಳ ಹಿಂದೆ ಹಿಮದ ಬೆಟ್ಟವೊಂದರ ತಿಳಿನೀಲಿ ಚಿತ್ರ ಇರುತ್ತದೆ. ನಮ್ಮ ಪ್ಲೇಟಿನ ಬೆಟ್ಟ ಧೂಳು, ಕೆಸರು ಮೆತ್ತಿ ಎಂದೋ ಮಾಯವಾಗಿತ್ತು. ಅತ್ತೆಯ ಹುಣಸೆಹಣ್ಣಿಗೆ ಮತ್ತೆ ಎದ್ದುಬಂದಿತ್ತು. "ಅಲ್ಲಿ ಯಾರೋ ಏನೇನೋ ಚೀಟಿ ಮೆತ್ತಿದ್ರು ಕಣವ್ವ, ದಪ್ಪಕೆ. ಎಲ್ಲ ಕಿತ್ತು ಎಣ್ಣೆ ಹಾಕಿ ಒರೆಸ್ದೆ" ಅಂದರು. ಅಂಗಡಿಯ ಸೇಬಿನ ಮೇಲೆ ಇರುತ್ತದಲ್ಲ, ಅಂಥ ಚೀಟಿ ಎಂದು ನಾನು ತಿಳಿದೆ. ಅವರಿಗೆ ಭೇಷ್ ಅನ್ನಬೇಕೆಂದು, "ತುಂಬಾ ಚೆನ್ನಾಗಿ ಮಾಡಿದೀರಾ ಅತ್ತೆ" ಅಂದೆ. ಕುಂಕುಮ ಇಟ್ಟೆ, ಮುಂದೆ ನಾಲ್ಕು ಬಿಡಿಹೂವು ಇಟ್ಟೆ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದೆ. ಹಬ್ಬ ಮುಗಿಯಿತು.

ಆ ಚೀಟಿ ಏನೆಂದು ಹೇಳಿಬಿಡುತ್ತೇನೆ. ಇಲ್ಲಿ ಪ್ರತಿ ವರ್ಷ ಕಾರಿನ ನೋಂದಣಿ ನವೀಕರಿಸಬೇಕು. ತೆರಿಗೆ ಕಟ್ಟಿದವರಿಗೆ ಆ ವರ್ಷದ ಅಂಕಿಯಿರುವ ಎರಡು ಬೆರಳಗಲದ ಸ್ಟಿಕ್ಕರ್ ಕೊಡುತ್ತಾರೆ. ಟ್ಯಾಬ್ ಎನ್ನುತ್ತಾರೆ ಅದಕ್ಕೆ. ಪ್ಲೇಟಿನ ಒಂದು ಮೂಲೆಗೆ ತಿಂಗಳು, ಇನ್ನೊಂದು ಮೂಲೆಗೆ ವರ್ಷ. ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ, ಒಂದರ ಮೇಲೊಂದು ಹಚ್ಚುತ್ತ ಹೋಗುತ್ತಾರೆ. ಆ ತೆಲುಗಿನವರು ಹಚ್ಚಿದ್ದರ ಮೇಲೆ ನಾವೂ ಹಚ್ಚಿದ್ದೆವು. ಅತ್ತೆ ಚಮಚದ ಅಂಚಿನಿಂದ ಎಬ್ಬಿಸಿ ತೆಗೆದದ್ದು ವರ್ಷಗಟ್ಟಲೆ ಕಟ್ಟಿದ ತೆರಿಗೆಯ ಪದರಗಳನ್ನು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಅನ್ನುವ ಗಾದೆ ಕೇಳಿದ್ದೆ. ನಮ್ಮಲ್ಲಿ ಹುಣಸೆಹಣ್ಣಿಗೆ ಕಾರಿನ ತೆರಿಗೆಯೇ ಹೊಳೆಪಾಲಾಯಿತು.

ಹಬ್ಬ ಕಳೆದು ಕೆಲವು ದಿನಕ್ಕೆ ಪಕ್ಕದ ಊರಾದ ಟಕ್ವಿಲಾದ ದೊಡ್ಡ ಮಾಲಿನಲ್ಲಿ ಮಗುವಿಗೆ ಬಟ್ಟೆ ಕೊಂಡು ಸಂಜೆ ವಾಪಸ್ಸು ಬರುತ್ತಿದ್ದಾಗ ಹಿಂದೆ ಕೆಂಪು ನೀಲಿ ದೀಪ ಹತ್ತಿತು. ಬದಿಗೆ ನಿಲ್ಲಿಸಿದೆ. ಪೊಲೀಸಿನವನು ಮರ್ಯಾದಸ್ಥ. ಪ್ಲೇಟಿನ ಮೇಲೆ ಟ್ಯಾಬ್ ಇಲ್ಲವಲ್ಲ ಎಂದು ಕೇಳಿದ. ನಾನು ನೋಂದಣಿಯ ಕಾಗದ ತೋರಿಸಿದೆ. ಟಾರ್ಚ್ ಹಾಕಿ ನೋಡಿದ. ಕಾಗದ ಸರಿಯಾಗಿದೆ, ಮುಂದಿನ ತಿಂಗಳ ಕೊನೆಯವರೆಗೆ ಅವಧಿ ಇದೆ, ಬಹುಶಃ ಯಾರೋ ಟ್ಯಾಬ್ ಕದ್ದಿರಬೇಕು, ಬೇಗ ಹೋಗಿ ಹೊಸದು ಪಡೆದುಕೊಳ್ಳಿ ಎಂದು ಹೇಳಿ, ಎಚ್ಚರಿಕೆಯ ಚೀಟಿ ಬರೆದುಕೊಟ್ಟ. ದಂಡ ಇಲ್ಲ. ನನ್ನ ಹೊಟ್ಟೆ ನೋಡಿ, ನಿಧಾನ ಹೋಗಿ ಅಂದ. ಇಷ್ಟೇ ಆದದ್ದು. ಆದರೆ ಅಷ್ಟೂ ಹೊತ್ತು ಪಕ್ಕದ ಸೀಟಿನಲ್ಲಿ ಅತ್ತೆ ಎರಡೂ ಕೈ ಮುಗಿದುಕೊಂಡು ಕೂತಿದ್ದರು. ಅವನ ಮುಖ ಕೂಡ ನೋಡಲಿಲ್ಲ.

ಮನೆ ಮುಟ್ಟಿ ಕಾರಿನ ಹಿಂದೆ ಹೋಗಿ ಬಗ್ಗಿ ನೋಡಿದೆ. ಪ್ಲೇಟಿನ ಎರಡೂ ಮೂಲೆ ಬೋಳು. ನಗು ಬಂತು. ತಿರುಗಿದರೆ ಅತ್ತೆ ನನ್ನ ಹಿಂದೆಯೇ ನಿಂತಿದ್ದರು.

"ಅದು ಗೌರ್ಮೆಂಟ್ನೋರು ಕೊಟ್ಟಿದ್ದ?" ಅಂದರು.

"ಹೌದು ಅತ್ತೆ. ಟ್ಯಾಕ್ಸ್ ಕಟ್ಟಿದ್ದಕ್ಕೆ ಕೊಡೋದು. ಹೋಗ್ಲಿ ಬಿಡಿ, ಹೊಸದು ಕೊಡ್ತಾರೆ."

"ಪೋಲೀಸ್ನೋನು ಬರ್ಕೊಂಡ."

"ಬರೀ ವಾರ್ನಿಂಗ್ ಅದು. ಏನೂ ಆಗಲ್ಲ."

ಮರುದಿನ ನಾನು ಏಳುವಾಗ ಮನೆಯಲ್ಲಿ ಒಗ್ಗರಣೆ ವಾಸನೆ ಇರಲಿಲ್ಲ. ಅತ್ತೆ ಸೋಫಾದ ತುದಿಯಲ್ಲಿ ಕೂತಿದ್ದರು, ಬಸ್ ಸ್ಟಾಂಡಿನಲ್ಲಿ ಕೂತವರ ಹಾಗೆ. ಒಲೆ ಹಚ್ಚಬಹುದಾ ಅಂದರು. ಹಚ್ಚಿ ಅತ್ತೆ, ಕೇಳೋದೇನು ಅಂದೆ. "ಬ್ಯಾಡ, ನೀನೇ ಹಚ್ಚು" ಅಂದರು. ಮೆಷಿನ್ ಮುಟ್ಟಲಿಲ್ಲ. ಸ್ನಾನದ ಬಿಸಿನೀರಿನ ನಲ್ಲಿ ತಿರುಗಿಸಲಿಕ್ಕೂ ನನ್ನನ್ನು ಕರೆದರು. ಯಾವುದು ಮನೆಯದು, ಯಾವುದು ಸರ್ಕಾರದ್ದು ಎಂದು ಅವರಿಗೆ ಈ ದೇಶದಲ್ಲಿ ಗೊತ್ತಾಗುವುದು ಹೇಗೆ. ನನಗೆ ಮೊದಲು ಪಾಪ ಅನ್ನಿಸಿತು, ಮೂರನೆಯ ದಿನಕ್ಕೆ ರೇಗಿಹೋಯಿತು. ಒಂದು ಅಂಟುಚೀಟಿಗೆ ಇಷ್ಟೆಲ್ಲ ರಾಮಾಯಣವೇ ಎಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಆ ಸಂಜೆ ಊಟಕ್ಕೆ ಕೂತಾಗ ಅತ್ತೆ ಮಗನಿಗೆ ಹೇಳಿದರು, "ನಾ ಊರ್ಗೆ ಒಂಟೋಯ್ತೀನಿ ಕಣಪ್ಪ. ಟಿಕೆಟ್ ಮಾಡ್ಸು."

ನನ್ನ ಗಂಡ ಒಳ್ಳೆಯವರು, ಆದರೆ ಅವ್ವನ ಮುಂದೆ ಅವರ ಮಾತು ಯಾವತ್ತೂ ಅಡ್ಡಗೋಡೆಯ ಮೇಲೆ ದೀಪ. "ಯಾಕವ್ವ, ಇರು ಅನ್ನೋದು ನಮ್ಮಾಸೆ. ನಿಂಗೆ ಕಷ್ಟ ಆದ್ರೆ ಬಲವಂತ ಇಲ್ಲ" ಅಂದರು. ಮರುದಿನವೇ ಟಿಕೆಟ್ ಏಜೆಂಟನ್ನು ಕೇಳಿಯೂ ಬಿಟ್ಟರು. ಶುಕ್ರವಾರಕ್ಕೆ ಒಂದು ಸೀಟಿದೆ, ಬುಧವಾರ ಸಂಜೆಯೊಳಗೆ ಹೇಳಬೇಕು ಅಂದನಂತೆ. ನಾನು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, "ರೀ, ಅವರು ಹೋದ್ರೆ ನನ್ನ ಗತಿ ಏನು?" ಅಂದೆ. "ಇಲ್ಲಿ ಎಷ್ಟೋ ಜನ ಅವರೇ ಮ್ಯಾನೇಜ್ ಮಾಡ್ಕೊತಾರೆ ಕಣೆ" ಅಂದರು. ಮ್ಯಾನೇಜ್ ಮಾಡಿಕೊಳ್ಳುವ ಎಷ್ಟೋ ಜನ ಬೇರೆ, ನಾನು ಬೇರೆ. ನಾನು ಅಲ್ಲಿಯವರೆಗೆ ಹಸುಗೂಸನ್ನು ಕೈಯಲ್ಲಿ ಎತ್ತಿದವಳಲ್ಲ. ಮಗುವಿನ ತಲೆಗೆ ಎಣ್ಣೆ ಹೇಗೆ ಹಾಕುತ್ತಾರೆ, ಕಾಲ ಮೇಲೆ ಮಲಗಿಸಿಕೊಂಡು ಹೇಗೆ ಎರೆಯುತ್ತಾರೆ, ಒಂದೂ ಗೊತ್ತಿಲ್ಲ. ಗಂಡನಿಗೆ ಸಿಗುವ ರಜೆ ಒಂದು ವಾರ. ನನಗೆ ನಿಜವಾಗಿಯೂ ಭಯವಾಗಿತ್ತು. ಅಮ್ಮನಿಗೆ ಫೋನು ಮಾಡಿ ಹೇಳಲಿಕ್ಕೂ ಆಗದು, ಹೇಳಿದರೆ ಅವಳು ಅಪ್ಪನ ಹಾಸಿಗೆಯ ಪಕ್ಕದಲ್ಲಿ ಕೂತು ಅಳುತ್ತಾಳೆ.

ಬುಧವಾರ ಬೆಳಿಗ್ಗೆ ಟ್ಯಾಬಿನ ಕೆಲಸ ಮುಗಿಸಿ ಬರೋಣ ಎಂದು ಹೊರಟೆ. ಹೇಗೂ ಮುಂದಿನ ತಿಂಗಳು ನೋಂದಣಿ ನವೀಕರಿಸಲೇಬೇಕಾಗಿತ್ತು, ನೋಟೀಸು ಅಂಚೆಯಲ್ಲಿ ಬಂದಿತ್ತು. ಇಂಟರ್ನೆಟ್ಟಿನಲ್ಲೂ ಕಟ್ಟಬಹುದಿತ್ತು, ಆದರೆ ಸ್ಟಿಕ್ಕರ್ ಅಂಚೆಯಲ್ಲಿ ಬರುವವರೆಗೆ ಮತ್ತೆ ಯಾರಾದರೂ ನಿಲ್ಲಿಸಿದರೆ ಅತ್ತೆಯ ಎದೆ ನಿಂತೇ ಹೋಗುತ್ತದೆ. ಆಫೀಸಿಗೇ ಹೋದರೆ ಕೈಗೆ ಕೊಡುತ್ತಾರೆ. ನಾನು ಚಪ್ಪಲಿ ಮೆಟ್ಟುವಾಗ ಅತ್ತೆ ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಕಿತ್ತೋಳು ನಾನು. ನಾನೂ ಬತ್ತೀನಿ" ಅಂದರು.

ಆ ವರ್ಷ ನಮ್ಮ ಕಾರಿಗೆ ಹೊಗೆ ತಪಾಸಣೆ ಬೇರೆ ಆಗಬೇಕಿತ್ತು. ಅದು ಪಾಸಾಗದೆ ನೋಂದಣಿ ಇಲ್ಲ. ತಪಾಸಣೆಯ ಶೆಡ್ಡಿನಲ್ಲಿ ಕಾರುಗಳು ಸಾಲಾಗಿ ಒಂದು ಬಾಗಿಲಿನಿಂದ ಒಳಗೆ ಹೋಗಿ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತವೆ. ನಮ್ಮ ಸರದಿ ಬಂದಾಗ ನಮ್ಮನ್ನು ಇಳಿಸಿ, ಪಕ್ಕದ ಗಾಜಿನ ಗೂಡಿನಲ್ಲಿ ಕೂರಿಸಿದರು. ಎರಡೇ ಕುರ್ಚಿ. ಗಾಜಿನಾಚೆ ಕೆಲಸದವನೊಬ್ಬ ನಮ್ಮ ಕಾರಿನ ಹೊಗೆ ಕೊಳವೆಗೆ ಉದ್ದನೆಯ ಕಡ್ಡಿ ತೂರಿಸಿ ಎಂಜಿನ್ ಗುರ್ ಅನ್ನಿಸುತ್ತಿದ್ದ. ಅತ್ತೆ ಕಾರಿನ ಮೇಲೆ ಕಣ್ಣು ನೆಟ್ಟು ಮಾತು ಶುರು ಮಾಡಿದರು. ನನ್ನ ಕಡೆ ನೋಡಲಿಲ್ಲ.

"ನಿಮ್ಮಾವ ಒಂದ್ಸಲ ಸಸ್ಪೆಂಡ್ ಆಗಿದ್ರು. ನಿನ್ ಗಂಡ ಹೇಳವ್ನ?"

"ಹೇಳಿದಾರೆ ಅತ್ತೆ. ಆಕ್ಸಿಡೆಂಟ್ ಅಂತ."

"ಅದು ಆಕ್ಸಿಡೆಂಟೇ ಅಲ್ಲ ಕಣವ್ವ. ಸೈಕಲ್ನೋನಿಗೆ ಒಂದಿಷ್ಟು ತರಚಿತ್ತು, ಅವನೇ ಎದ್ದು ಒಂಟೋದ. ಆಯುಧಪೂಜೆ ಮಾರನೆ ದಿನ. ಯಾರೋ ಕಂಪ್ಲೇಂಟ್ ಕೊಟ್ರು, ಬಸ್ ನಂಬರ್ರೇ ಕಾಣ್ತಿರ್ನಿಲ್ಲ, ಬೇಕು ಅಂತ್ಲೇ ಮರೆ ಮಾಡವ್ರೆ ಅಂತ. ನಂಬರ್ ಮೇಲೆ ಹಾರ ಇಳ್ಬಿದ್ದಿತ್ತು. ಸಾಹೇಬ್ರು ಏನೂ ಆಗಕಿಲ್ಲ ಹೋಗಪ್ಪ ಅಂದ್ರಂತೆ. ವಾರ ಬುಟ್ಟು ಆರ್ಡರ್ ಬಂತು. ಆ ವರ್ಷ ಪೂರ್ತಿ ಮನೇಲಿ ಕೂತಿದ್ರು. ಮಾತೇ ಆಡ್ತಿರ್ನಿಲ್ಲ, ಗ್ವಾಡೆ ನೋಡ್ಕಂಡು ಕೂತ್ಕಳೋರು."

ಎಂಜಿನ್ ಸದ್ದು ಏರಿ ಇಳಿಯಿತು.

"ಆ ಹಾರ ಕಟ್ಟಿದ್ದು ನಾನು. ಡಿಪೋಗೆ ಬುತ್ತಿ ತಕಂಡು ಹೋಗಿದ್ನಲ್ಲ, ಇನ್ನೂ ಉದ್ದಕೆ ಇರ್ಲಿ ಅಂತ ಇನ್ನೊಂದು ಮೊಳ ಸೇರ್ಸಿ ಕಟ್ಟಿದ್ದೆ. ಅವ್ರು ಯಾರ್ಗೂ ಹೇಳ್ನಿಲ್ಲ, ನನ್ನೂ ಒಂದು ಮಾತು ಅನ್ನಿಲ್ಲ. ಅದ್ಕೇ ಕಣವ್ವ, ನಿಮ್ ಕಾರ್ಗೆ ನಾ ಹಾರ ಹಾಕಿಲ್ಲ. ನಂಬರ್ ಚೆಂದಾಗಿ ಕಾಣ್ಲಿ ಅಂತ ಅಷ್ಟು ಉಜ್ಜಿದ್ದು."

ಹಬ್ಬದ ದಿನ ಹೂವಿದ್ದರೂ ಪ್ಲೇಟಿನ ಹತ್ತಿರ ಒಂದು ಎಸಳೂ ಬೀಳದಂತೆ ಅವರು ನೋಡಿಕೊಂಡದ್ದು ಈಗ ಅರ್ಥವಾಯಿತು. ಮತ್ತೊಮ್ಮೆ ತಪ್ಪಾಗಬಾರದು ಎಂದು ಉಜ್ಜಿದ ಕೈಯಿಂದಲೇ ತಪ್ಪಾಗಿತ್ತು. ಆ ಕೈಯನ್ನು ಅವರು ಇನ್ನು ನಂಬುವುದಿಲ್ಲ, ಹಾಗಾಗಿ ಒಲೆ ಮುಟ್ಟುವುದಿಲ್ಲ, ನಾಳೆ ಹುಟ್ಟುವ ಮಗುವನ್ನೂ ಮುಟ್ಟುವುದಿಲ್ಲ. ಜೊತೆಗೆ ಮಗನ ಗ್ರೀನ್ ಕಾರ್ಡಿನ ಅರ್ಜಿ ನಡೆಯುತ್ತಿರುವುದು ಅವರಿಗೆ ಗೊತ್ತಿತ್ತು. ಅಪ್ಪನಿಗೆ ಆದದ್ದು ಮಗನಿಗೂ ಆದೀತು, ತಾನಿಲ್ಲಿ ಇದ್ದರೆ ಇನ್ನೇನು ಕಿತ್ತು ಹಾಕುವೆನೋ ಎಂದು ಹೆದರಿ ಹೊರಟಿದ್ದರು. ಅವರ ಹೆಗಲ ಮೇಲೆ ಕೈ ಇಟ್ಟೆ. ಸ್ವೆಟರಿನೊಳಗೆ ಹೆಗಲು ಮೂಳೆಯಷ್ಟೇ ಇತ್ತು. ಗಾಜಿನಾಚೆಯಿಂದ ಕೆಲಸದವನು ಹೆಬ್ಬೆರಳು ಎತ್ತಿ ತೋರಿಸಿದ. ಪಾಸು.

ಟ್ಯಾಬ್ ಕೊಡುವ ಲೈಸೆನ್ಸ್ ಆಫೀಸು ಟಕ್ವಿಲಾದ ಹತ್ತಿರ ಒಂದು ಅಂಗಡಿ ಸಾಲಿನಲ್ಲಿತ್ತು, ಒಂದು ಬದಿಗೆ ಜಪಾನಿ ಟೆರಿಯಾಕಿ ಹೋಟೆಲು, ಇನ್ನೊಂದು ಬದಿಗೆ ಉಗುರಿಗೆ ಬಣ್ಣ ಹಚ್ಚುವ ಅಂಗಡಿ. ಸರ್ಕಾರಿ ಕೆಲಸ ಎಂದರೆ ದೊಡ್ಡ ಕಟ್ಟಡ, ಕಂಬ, ಧ್ವಜ ಇರುತ್ತದೆಂದು ಅತ್ತೆ ತಯಾರಾಗಿ ಬಂದಿದ್ದರೋ ಏನೋ, ಒಳಗೆ ಬಂದು ಸುತ್ತ ನೋಡಿದರು. ಹತ್ತು ಕುರ್ಚಿ, ನಂಬರಿನ ಚೀಟಿ ಕೊಡುವ ಡಬ್ಬ, ಗೋಡೆಗೆ ದೋಣಿಯ ಕ್ಯಾಲೆಂಡರು. ನಮ್ಮ ಮುಂದೆ ಟ್ರಕ್ಕಿನ ಕಾಗದ ಹಿಡಿದ ಇಬ್ಬರು, ನಮ್ಮ ಹಿಂದೆ ಮೀನು ಹಿಡಿಯುವ ದೋಣಿಯ ನೋಂದಣಿಗೆ ಬಂದ ಮುದುಕ. ಕೂತಿರುವಾಗ ಗಂಡನ ಫೋನು ಬಂತು. ಏಜೆಂಟ್ ಕೇಳುತ್ತಿದ್ದಾನೆ, ಏನು ಹೇಳಲಿ ಅಂದರು. "ಸಂಜೆವರೆಗೂ ಟೈಮ್ ಇದೆ ಅಲ್ವಾ, ತಡೀರಿ" ಎಂದು ಇಟ್ಟೆ. ಮಗನ ಫೋನೆಂದು ಅತ್ತೆಗೆ ಗೊತ್ತಾಯಿತು, ಕೇಳಲಿಲ್ಲ.

ಕೌಂಟರಿನಲ್ಲಿದ್ದಾಕೆ ಬಿಳಿಕೂದಲಿನ ಹೆಂಗಸು. ನೆಗಡಿಯಾಗಿ ಮೂಗು ಕೆಂಪಗಿತ್ತು. ನಾನು ಹೊಗೆ ತಪಾಸಣೆಯ ಕಾಗದ, ನವೀಕರಣದ ನೋಟೀಸು, ಪೊಲೀಸಿನ ಚೀಟಿ ಎಲ್ಲ ಮುಂದಿಟ್ಟು, ಟ್ಯಾಬ್ ಕಳೆದುಹೋಗಿದೆ ಅಂದೆ. ಈಗಲೇ ನವೀಕರಿಸಿಬಿಟ್ಟರೆ ಹೊಸ ವರ್ಷದ್ದೇ ಕೊಡುತ್ತೇನೆ, ಹಳೆಯದಕ್ಕೆ ಬೇರೆ ಕಟ್ಟಬೇಕಾಗಿಲ್ಲ, ತಿಂಗಳಿನ ಸ್ಟಿಕ್ಕರನ್ನೂ ಕೊಡುತ್ತೇನೆ ಎಂದಳು. ಆಮೇಲೆ, ಕಳ್ಳತನವಾ ಎಂದು ಕೇಳಿದಳು. ನಾನು ಇಲ್ಲ ಅಂದೆ, ಬಿದ್ದುಹೋಗಿರಬೇಕು ಅಂದೆ.

ಅತ್ತೆ ನನ್ನ ಮೊಣಕೈ ಹಿಡಿದರು. "ಏನಂದೆ?"

"ಬಿದ್ದೋಗಿದೆ ಅಂತ ಹೇಳ್ದೆ ಅತ್ತೆ."

"ಬಿದ್ದೋಗಿಲ್ಲ. ನಾ ಕಿತ್ತೆ ಅಂತ ಹೇಳು. ಆಮ್ಯಾಕೆ ಅವ್ರೇ ಕಂಡಿಡುದ್ರೆ ನಿಮ್ ತಲೆ ಮೇಲೆ ಬತ್ತದೆ."

ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವರು ಕೇಳುವವರಲ್ಲ. ಕೌಂಟರಿನ ಹತ್ತಿರ ಬಂದು, ಆಕೆಯನ್ನು ನೋಡುತ್ತ ತಮ್ಮ ಎದೆಗೆ ಬೆರಳಿಟ್ಟು, ಆಮೇಲೆ ಉಗುರಿನಿಂದ ಕೌಂಟರಿನ ಮೇಲೆ ಕೆರೆದು ಕಿತ್ತು ಬಿಸಾಕುವ ಹಾಗೆ ಮಾಡಿ ತೋರಿಸಿದರು. ಹಿಂದೆ ಕೂತವರೆಲ್ಲ ನೋಡುತ್ತಿದ್ದರು. ಇನ್ನು ನಾನು ಹೇಳದೆ ವಿಧಿಯಿಲ್ಲ. ವರ್ಷಕ್ಕೊಮ್ಮೆ ಗಾಡಿಗಳನ್ನು ತೊಳೆದು ಪೂಜೆ ಮಾಡುವ ಹಬ್ಬ ನಮ್ಮದು, ಇವರು ನನ್ನ ಅತ್ತೆ, ನಂಬರು ಚೆನ್ನಾಗಿ ಕಾಣಲೆಂದು ಉಜ್ಜುವಾಗ ಎಲ್ಲವನ್ನೂ ಕಿತ್ತುಬಿಟ್ಟರು, ಈಗ ಅದು ಅಪರಾಧ ಎಂದು ಹೆದರಿದ್ದಾರೆ ಎಂದು ಹೇಳಿದೆ. ನಾನು ಬಸುರಿ, ಇವರು ಹೋಗಿಬಿಡುತ್ತಾರಂತೆ ಎಂದೂ ಹೇಳಿದೆ. ಅದು ಯಾಕೆ ಹೇಳಿದೆನೋ, ಆಕೆಗೆ ಅದರಿಂದ ಏನಾಗಬೇಕು.

ಆಕೆ ಮೂಗು ಒರೆಸಿಕೊಂಡು ಅತ್ತೆಯನ್ನು ನೋಡಿದಳು. ನಗಲಿಲ್ಲ. ಅದಕ್ಕೆ ಇವತ್ತಿಗೂ ನಾನು ಆಕೆಗೆ ಋಣಿ. ಜನ ಟ್ಯಾಬನ್ನು ಗಾಜಿಗೆ ಅಂಟಿಸುತ್ತಾರೆ, ಬೇರೆಯವರ ಕಾರಿಗೆ ಅಂಟಿಸುತ್ತಾರೆ, ಒಬ್ಬ ತನ್ನ ಪರ್ಸಿಗೆ ಅಂಟಿಸಿಕೊಂಡು ಬಂದಿದ್ದ, ಆದರೆ ಪ್ಲೇಟನ್ನು ತೊಳೆದವರನ್ನು ನಾನು ನೋಡಿಯೇ ಇರಲಿಲ್ಲ ಎಂದಳು. ಹಳೆಯದನ್ನು ಕಿತ್ತು ಪ್ಲೇಟು ಒರೆಸಿ ಹೊಸದು ಹಚ್ಚಿ ಎಂದು ನಾವೇ ಹೇಳುವುದು, ಯಾರೂ ಮಾಡುವುದಿಲ್ಲ, ಇವರು ಮಾಡಿದ್ದಾರೆ, ಸ್ವಲ್ಪ ಬೇಗ ಮಾಡಿದ್ದಾರೆ ಅಷ್ಟೇ ಎಂದಳು. ನಾನು ಅದನ್ನು ಒಂದು ಮಾತೂ ಬಿಡದೆ ಅತ್ತೆಗೆ ಹೇಳಿದೆ.

"ಕೇಸು?" ಅಂದರು ಅತ್ತೆ. ಅದೊಂದು ಪದ ಆಕೆಗೂ ಅರ್ಥವಾಯಿತು. ತಲೆಯಲ್ಲಾಡಿಸಿದಳು, ಇಲ್ಲ.

"ಬಾಯಲ್ಲಿ ಹೇಳಿದ್ರೆ ಆಗಕಿಲ್ಲ ಕಣವ್ವ. ನಿಮ್ಮಾವಂಗೂ ಬಾಯಲ್ಲೇ ಹೇಳಿದ್ರು. ಸೀಲ್ ಹಾಕ್ಸು."

ಈ ದೇಶದಲ್ಲಿ ಯಾರೂ ಯಾವುದಕ್ಕೂ ಸೀಲು ಹೊಡೆಯುವುದಿಲ್ಲ. ಕಂಪ್ಯೂಟರಿನಿಂದ ಬಂದ ಕಾಗದವೇ ಕಾಗದ. ಸರ್ಕಾರಿ ನೌಕರನ ಹೆಂಡತಿಗೆ ಇದನ್ನು ಹೇಗೆ ತಿಳಿಸಿ ಹೇಳುವುದು. ಸೀಲಿಲ್ಲದ ಕಾಗದ ಅವರಿಗೆ ಉಪ್ಪಿಲ್ಲದ ಸಾರು. ನಾಚಿಕೆ ಬಿಟ್ಟು ಆಕೆಯನ್ನು ಕೇಳಿದೆ, ರಬ್ಬರ್ ಸ್ಟಾಂಪ್ ಏನಾದರೂ ಇದೆಯೇ ಎಂದು. ಆಕೆ ಒಂದು ಕ್ಷಣ ಯೋಚಿಸಿ ಡ್ರಾಯರು ಎಳೆದಳು, ತಡಕಾಡಿದಳು, ಎದ್ದು ಹಿಂದಿನ ಮೇಜಿಗೆ ಹೋದಳು. ದೋಣಿಯ ಮುದುಕ ಗಡಿಯಾರ ನೋಡಿಕೊಂಡ. ಕೊನೆಗೆ, ಚೆಕ್ಕುಗಳ ಹಿಂದೆ ಹೊಡೆಯುವ ತಾರೀಕಿನ ಸ್ಟಾಂಪೊಂದನ್ನು ತಂದು, ಶಾಯಿಯ ಮೇಲೆ ಒತ್ತಿ, ಹೊಸ ನೋಂದಣಿ ಕಾಗದದ ಕೆಳಗೆ ಠಪ್ ಎಂದು ಹೊಡೆದಳು. ಪಕ್ಕದಲ್ಲಿ ಸಹಿ ಕೂಡ ಹಾಕಿ, ನನಗೆ ಕೊಡದೆ ಅತ್ತೆಯ ಕೈಗೇ ಕೊಟ್ಟಳು. ಅತ್ತೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಶಾಯಿ ಒಣಗಲೆಂದು ಊದಿದರು. ಆಮೇಲೆ ಆಕೆಗೆ ಕೈ ಮುಗಿದರು. ಪೊಲೀಸಿನವನ ಮುಂದೆ ಕೈ ಮುಗಿದ ಹಾಗಲ್ಲ, ನೆಂಟರನ್ನು ಕಳಿಸುವಾಗ ಮುಗಿಯುವ ಹಾಗೆ.

ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಕಾರಿನ ಹಿಂದೆ ನಿಂತು ಸ್ಟಿಕ್ಕರಿನ ಹಾಳೆಯನ್ನು ಅತ್ತೆಯ ಕಡೆ ಚಾಚಿದೆ. "ತಗೊಳ್ಳಿ ಅತ್ತೆ, ಅಂಟಿಸಿ."

ಕೈ ಹಿಂದಕ್ಕೆ ಎಳೆದುಕೊಂಡರು. "ನಾ ಮುಟ್ಟಾಕಿಲ್ಲ. ನೀನೇ ಹಾಕು."

ಮುಟ್ಟಿ ಎಂದು ಇನ್ನೆಷ್ಟು ಸಲ ಹೇಳುವುದು. ನನಗೆ ಸಿಟ್ಟು ಬಂತು, ಸಿಟ್ಟಿನಲ್ಲೇ ಕೂತೆ. ಎಂಟು ತಿಂಗಳ ಹೊಟ್ಟೆ ಹೊತ್ತವಳು ನೆಲಮಟ್ಟದ ಪ್ಲೇಟಿನ ಮುಂದೆ ಕುಕ್ಕರಗಾಲಲ್ಲಿ ಕೂರುವುದೆಂದರೆ ಏನೆಂದು ಕೂತ ಮೇಲೆ ಗೊತ್ತಾಯಿತು. ಹೊಟ್ಟೆ ತೊಡೆಗೆ ತಾಗಿ ಉಸಿರು ಸಿಕ್ಕಿಕೊಂಡಿತು. ಒಂದು ಕೈ ಬಂಪರಿನ ಮೇಲೆ, ಇನ್ನೊಂದು ಕೈಯಲ್ಲಿ ಹಾಳೆ. ಅಂಟಿಸಲಿಕ್ಕೂ ಆಗದು, ಏಳಲಿಕ್ಕೂ ಆಗದು. ಕಾಲು ಜೋಮು ಹಿಡಿಯಿತು. ನಾಟಕವಲ್ಲ, ನಿಜವಾಗಿಯೂ ಬೀಳುವುದರಲ್ಲಿದ್ದೆ. "ಅತ್ತೆ, ಆಗ್ತಿಲ್ಲ" ಅಂದೆ.

ಕಾಗದವನ್ನು ಸ್ವೆಟರಿನೊಳಗೆ ತುರುಕಿಕೊಂಡು ಬಂದು ನನ್ನ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದರು. ಆ ಸಣ್ಣ ದೇಹದಲ್ಲಿ ಅಷ್ಟು ಬಲ ಎಲ್ಲಿತ್ತೋ. "ತುಂಬಿದ ಬಸ್ರಿ ಹಿಂಗೆ ಕೂತ್ಕತಾರ? ಬುದ್ಧಿ ಬ್ಯಾಡ್ವಾ ನಿಂಗೆ? ಬುದ್ಧಿ ಹೇಳೋಕೆ ಒಬ್ರಾದ್ರೂ ಬ್ಯಾಡ್ವಾ?" ಎಂದು ಬೈದರು. ಬೈಯುತ್ತಲೇ ನನ್ನನ್ನು ಕಾರಿಗೆ ಒರಗಿಸಿ ನಿಲ್ಲಿಸಿ, ಬೆನ್ನು ಉಜ್ಜಿ, ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಮಗು ಒದೆಯುತ್ತಿತ್ತು. ಅತ್ತೆ ಕೈ ತೆಗೆಯಲಿಲ್ಲ, ಅದು ಸುಮ್ಮನಾಗುವವರೆಗೆ ಹಾಗೆಯೇ ನಿಂತರು.

ಆಮೇಲೆ ನನ್ನ ಕೈಯಿಂದ ಹಾಳೆ ತೆಗೆದುಕೊಂಡರು. ಸೆರಗಿನಿಂದ ಪ್ಲೇಟಿನ ಮೇಲಿನ ಮಳೆಹನಿ ಒರೆಸಿದರು. ಯಾವ ಮೂಲೆಗೆ ಯಾವುದೆಂದು ಕೇಳಿದರು, ಹೇಳಿದೆ. ತಿಂಗಳು ಎಡಕ್ಕೆ, ವರ್ಷ ಬಲಕ್ಕೆ. ಒಂದೊಂದನ್ನೂ ನೇರ ಮಾಡಿ, ಹೆಬ್ಬೆರಳಿನಿಂದ ನಡುವಿನಿಂದ ಅಂಚಿನವರೆಗೆ ಒತ್ತಿ ಒತ್ತಿ ಅಂಟಿಸಿದರು. ನಾನು ಕಾರಿಗೆ ಒರಗಿ ನಿಂತು ಅಳುತ್ತಿದ್ದೆ, ಮಳೆ ಇದ್ದುದರಿಂದ ಮುಚ್ಚಿಡುವ ಕಷ್ಟ ಇರಲಿಲ್ಲ.

ಕಾರಿನೊಳಗೆ ಕೂತ ಮೇಲೆ ನಾನು ಫೋನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದೆ. ಗಂಡನಿಗೆ ಏನು ಹೇಳಲಿ ಎಂದು ನೇರವಾಗಿ ಕೇಳುವ ಧೈರ್ಯ ನನಗಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಬೀದಿಯಾಚೆ ದೊಡ್ಡ ಅಕ್ಷರದ ಬೋರ್ಡಿನ ದಿನಸಿ ಅಂಗಡಿ ಕಂಡಿತು. ಅತ್ತೆ ಅದರ ಕಡೆ ನೋಡುತ್ತ, "ಅಲ್ಲಿ ಬೆಳ್ಳುಳ್ಳಿ ಸಿಕ್ತದಾ?" ಅಂದರು.

"ಸಿಗತ್ತೆ ಅತ್ತೆ."

"ಹಂಗಾದ್ರೆ ತಕಂಡೋಗವ. ಬಾಣ್ತಿಗೆ ಬೇಕಾಯ್ತದೆ."

ಹಸಿರು ದೀಪ ಬಂದಿತ್ತು. ಹಿಂದಿನವರು ಕಾಯುತ್ತಿದ್ದರೂ ಗಾಡಿ ಎತ್ತದೆ ಕೇಳಿದೆ, "ಎಷ್ಟು ತಗೊಳ್ಳಲಿ?"

"ಮೂರು ತಿಂಗ್ಳಿಗೆ ಆಗೋವಷ್ಟು ತಕೊ" ಎಂದರು ಅತ್ತೆ. "ಸಾಲ್ದೆ ಬಂದ್ರೆ ಮತ್ತೆ ಬರವ."